ಚಿರೇಕಲ್ಲಿನ ಗೋಡೆಯ ತೇವ ಮತ್ತು ಉಪ್ಪು, ಸುಣ್ಣದ ಗಾರೆಯಿಂದ ನಿಂತದ್ದು ಹೀಗೆ

ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಮನೆ ಗೋವಾದ ಫೋಂಡಾದಲ್ಲಿ. ಪ್ರತಿ ಮಳೆಗಾಲದ ನಂತರ ಒಳಗೋಡೆಯ ಬುಡದಿಂದ ಸೊಂಟದೆತ್ತರದವರೆಗೆ ಬಣ್ಣ ಗುಳ್ಳೆಯೆದ್ದು ಉದುರುತ್ತಿತ್ತು. ಅದರಡಿ ಬಿಳಿ ಉಪ್ಪು. ಬೆರಳಲ್ಲಿ ಒತ್ತಿದರೆ ಗಿಲಾವು ಪುಡಿಪುಡಿ.

ವಾಟರ್‌ಪ್ರೂಫ್ ಪೇಂಟ್ ಬಳಿದಾಗ ತೇವ ಇನ್ನೂ ಮೇಲೇರಿತು. ಕೆಮಿಕಲ್ ಬೆರೆಸಿದ ಸಿಮೆಂಟ್ ಗಿಲಾವು, ಪುಟ್ಟಿ ಎರಡೂ ಉಳಿಯಲಿಲ್ಲ. ಚಿರೇಕಲ್ಲು ನೆಲದ ನೀರು ಹೀರುತ್ತದೆ, ಸಿಮೆಂಟ್ ಅದನ್ನು ಆರಲು ಬಿಡುವುದಿಲ್ಲ.

ಕೆಲಸ ಶುರು ಮಾಡಬೇಕಾದದ್ದು ಡಿಸೆಂಬರಿನಲ್ಲಿ. ತೇವದ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೆ ಸಿಮೆಂಟ್ ಕೆತ್ತಿ, ಸಂದುಗಳನ್ನು 20 ಮಿ.ಮೀ. ಆಳ ಕೆರೆಯಿರಿ. ಉಪ್ಪನ್ನು ಒಣ ಬ್ರಷ್‌ನಿಂದಲೇ ತೆಗೆಯಿರಿ. ನೀರು ಹಾಕಿದರೆ ಕರಗಿ ಮತ್ತೆ ಕಲ್ಲಿಗಿಳಿಯುತ್ತದೆ. ಒಂದು ತಿಂಗಳಾದರೂ ಗೋಡೆ ಬರಿದಾಗಿ ಆರಲಿ, ಹೊಸ ಉಪ್ಪು ಬಂದ ಹಾಗೆ ಗುಡಿಸುತ್ತಿರಿ. ಇದನ್ನು ಅವಸರದಲ್ಲಿ ಬಿಟ್ಟರೆ ಮುಂದಿನದೆಲ್ಲ ವ್ಯರ್ಥ.

ಗಾರೆಗೆ ತಿಂಗಳು ನೆನೆದ ಸುಣ್ಣದ ಮುದ್ದೆ 1 ಪಾಲು, ಸುರ್ಕಿ (ಇಟ್ಟಿಗೆ ಪುಡಿ) 1, ತೊಳೆದ ಹೊಳೆಮರಳು 2. ಸಮುದ್ರದ ಮರಳು ಬೇಡವೇ ಬೇಡ. ಗೋಡೆಗೆ ನೀರು ಚಿಮುಕಿಸಿ ಮೊದಲ ಪದರ 10–12 ಮಿ.ಮೀ. ಹಾಕಿ. ಬೆರಳು ಇಳಿಯದೆ, ಉಗುರಿನ ಗುರುತು ಮಾತ್ರ ಬೀಳುವ ಹದಕ್ಕೆ ಬಂದಾಗ ಮರದ ಹಲಗೆಯಿಂದ ಒತ್ತಿ ಉಜ್ಜಿ. ಕೂದಲೆಳೆಯಂಥ ಬಿರುಕು ಮುಚ್ಚುವುದು ಆಗಲೇ. ಒದ್ದೆ ಗೋಣಿತಾಟು ಕಟ್ಟಿ ವಾರವಿಡೀ ತಂಪಾಗಿಡಿ. ಆಮೇಲೆ 5 ಮಿ.ಮೀ. ಎರಡನೆಯ ಪದರ, ಅದಕ್ಕೂ ಅಷ್ಟೇ ಆರೈಕೆ. ಮೇಲೆ ತೆಳುವಾಗಿ ಮೂರು ಸಲ ಸುಣ್ಣ ಬಳಿಯಿರಿ. ಪ್ಲಾಸ್ಟಿಕ್ ಪೇಂಟ್ ಬಳಿದರೆ ಗೋಡೆಯ ಉಸಿರು ಮತ್ತೆ ಕಟ್ಟುತ್ತದೆ.