ಬಾಟಲಿಯ ಬೆನ್ನು ಓದಿ ಫೇಸ್ ಆಯಿಲ್ ಕೊಳ್ಳೋದು: ನನ್ನ ಅನುಭವ

ದಾವಣಗೆರೆ ವಿದ್ಯಾನಗರದಲ್ಲಿ ನಂದೊಂದು ಸಣ್ಣ ಪಾರ್ಲರ್. "ಲೇಬಲ್ ಓದಿ ಎಣ್ಣೆ ಆರಿಸೋಕೆ ನೀನೇನು ಕೆಮಿಸ್ಟ್ರಿ ಮೇಡಮ್ಮಾ?" ಅಂತ ನಕ್ಕವರೇ ಈಗ ಬಾಟಲಿ ಫೋಟೊ ಕಳಿಸಿ "ಅಕ್ಕಾ, ಇದು ತಗೋಬಹುದಾ?" ಅಂತ ಕೇಳ್ತಾರೆ. ಅದಕ್ಕೇ ಬರೀತಿದೀನಿ. ಮಸಾಜ್, ಚರ್ಮಕ್ಕೆ ಚೂರು ಹಚ್ಚಿ ನೋಡೋ ಪ್ಯಾಚ್ ಟೆಸ್ಟ್ ಎಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಡ್ತೀನಿ.

ಮೊದಲು ದುಡ್ಡಿನ ಲೆಕ್ಕ. ಡಿಸ್ಟ್ರಿಬ್ಯೂಟರ್ ಹುಡುಗ ತರ್ತಿದ್ದ ಎಣ್ಣೆ 30 ಮಿ.ಲೀ.ಗೆ 900 ರೂಪಾಯಿ ಆಸುಪಾಸು. ಒಂದು ಫೇಶಿಯಲ್‌ಗೆ ನನ್ನ ಕೈಲಿ 5 ಮಿ.ಲೀ. ಹೋಗುತ್ತೆ, ಅಲ್ಲಿಗೆ ಮುಖವೊಂದಕ್ಕೆ 150. ಡಬ್ಬಿ ಮೇಲೆ ಕೇಸರಿ ಹೂವಿನ ಚಿತ್ರ. ತಿರುಗಿಸಿದ್ರೆ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರೇ ಪ್ಯಾರಾಫಿನಮ್ ಲಿಕ್ವಿಡಮ್, ಅಂದ್ರೆ ಪೆಟ್ರೋಲಿಯಂನಿಂದ ತೆಗೆಯೋ ಮಿನರಲ್ ಆಯಿಲ್. ಕೇಸರಿ, ಅಂದ್ರೆ ಕ್ರೋಕಸ್ ಸಟೈವಸ್, ಪರ್ಫ್ಯೂಮ್ ಆದ ಮೇಲೆ ಕಟ್ಟಕಡೆಗೆ. ಮಿನರಲ್ ಆಯಿಲ್ ವಿಷವೇನಲ್ಲ, ಒಣ ಚರ್ಮದಲ್ಲಿ ತೇವ ಹಿಡಿದಿಡುತ್ತೆ. ಆದ್ರೆ ಅದಕ್ಕೆ ಕೇಸರಿ ರೇಟು ನಾನ್ಯಾಕೆ ಕೊಡಲಿ?

ಈ ಪಟ್ಟಿ ಜಾಸ್ತಿ ಇರೋ ಪದಾರ್ಥದಿಂದ ಶುರುವಾಗಿ ಕಡಿಮೆ ಇರೋದಕ್ಕೆ ಇಳೀತಾ ಹೋಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಶೇ. 1ರ ಕೆಳಗಿನವನ್ನ ಮಾತ್ರ ಕಂಪನಿಯವರು ಹಿಂದೆಮುಂದೆ ಹೇಗಾದ್ರೂ ಬರೀಬಹುದು, ಆ ಗೆರೆ ಎಲ್ಲಿದೆ ಅಂತ ಲೇಬಲ್ ಹೇಳಲ್ಲ. ನಾನು ಟೋಕೋಫೆರಾಲ್ ಹುಡುಕ್ತೀನಿ. ಎಣ್ಣೆ ಕಮಟಾಗದಿರಲಿ ಅಂತ ಹಾಕೋ ವಿಟಮಿನ್ ಇ ಅದು, ಸಾಮಾನ್ಯವಾಗಿ 1ರ ಒಳಗೇ ಇರುತ್ತೆ. ಅದರ ಕೆಳಗಿರೋ ಹೂವು ಹಣ್ಣಿಗೆಲ್ಲ ನನ್ನ ಲೆಕ್ಕದಲ್ಲಿ ಸೊನ್ನೆ ಬೆಲೆ. ಆಯುರ್ವೇದ ಲೈಸೆನ್ಸಿನ ತೈಲಗಳಲ್ಲಿ ಇಷ್ಟು ಕಷ್ಟ ಇಲ್ಲ, ಪ್ರತಿ 10 ಮಿ.ಲೀ.ಯಲ್ಲಿ ಯಾವುದೆಷ್ಟು ಅಂತ ಅಳತೆ ಹಾಕಿರ್ತಾರೆ.

ಸೋತದ್ದೂ ಸಾಕಷ್ಟಿದೆ. ಕೋಕಸ್ ನ್ಯೂಸಿಫೆರಾ, ಅದೇ ಕೊಬ್ಬರಿ ಎಣ್ಣೆ, ಮೊದಲ ಸಾಲಲ್ಲಿದ್ದ ಬಾಟಲಿಯಿಂದ ಕಾಲೇಜು ಹುಡುಗಿಯರ ಹಣೆ ತುಂಬ ಗುಳ್ಳೆ ಎದ್ದು, ಫೇಶಿಯಲ್ ದುಡ್ಡು ವಾಪಸ್ ಕೊಟ್ಟೆ. ರೋಸ್‌ಹಿಪ್, ಅಂದ್ರೆ ಕಾಡುಗುಲಾಬಿ ಕಾಯಿಯ ಬೀಜದ ಎಣ್ಣೆ, ಅದರ ದೊಡ್ಡ ಬಾಟಲಿಗೆ 2,000 ಹತ್ತಿರ ಸುರಿದೆ. ನಮ್ಮೂರ ಏಪ್ರಿಲ್ ಧಗೆಗೆ ಅರ್ಧವೂ ಖಾಲಿಯಾಗಿರಲಿಲ್ಲ, ಕಮಟು ವಾಸನೆ! ಲೇಬಲ್ ಮೇಲಿರೋ ಮುಚ್ಚಳ ತೆರೆದ ಡಬ್ಬಿಯ ಚಿತ್ರದಲ್ಲಿ 6 ಅಂತಿದ್ರೆ ತೆರೆದ ಮೇಲೆ ಆರು ತಿಂಗಳು ಅಂತ. ಇಲ್ಲಿನ ಬೇಸಿಗೆಗೆ ನಾನು ಅದನ್ನ ಮೂರಕ್ಕೆ ಇಳಿಸ್ಕೊಂಡಿದೀನಿ.

ಈಗ ನನ್ನ ಬೇಸ್, ಅಂದ್ರೆ ಮುಖ್ಯವಾಗಿ ಬಳಸೋ ಎಣ್ಣೆ, ಜೊಜೊಬಾ ಅನ್ನೋ ಗಿಡದ ಬೀಜದ್ದು. ಪಟ್ಟಿಯಲ್ಲಿ ಸಿಮಾಂಡ್ಸಿಯಾ ಚೈನೆನ್ಸಿಸ್ ಅನ್ನೋ ಒಂದೇ ಹೆಸರಿರಬೇಕು. 100 ಮಿ.ಲೀ.ಗೆ 600ರಷ್ಟು, ಮುಖಕ್ಕೆ 30 ರೂಪಾಯಿ. ಇದು ನಿಜಕ್ಕೂ ಎಣ್ಣೆಯಲ್ಲ, ದ್ರವ ಮೇಣ, ಬೇಗ ಕೆಡಲ್ಲ. ಜಿಡ್ಡು ಮುಖದವರಿಗೆ ಸೂರ್ಯಕಾಂತಿ ಬೆರೆಸ್ತೀನಿ. ಪ್ರಮಾಣ ಕೇಳಬೇಡಿ, ತರಿಸೋ ಜಾಗವನ್ನೂ. ಅಷ್ಟು ನಂಗಿರಲಿ.

ಒಂದು ಸಲ ಕುತೂಹಲಕ್ಕೆ ಎಲ್ಲ ಬಾಟಲಿಯನ್ನೂ ಫ್ರಿಜ್ಜಿಗಿಟ್ಟೆ. ಅಸಲಿ ಜೊಜೊಬಾ ಗಟ್ಟಿಯಾಯ್ತು, ಮಿನರಲ್ ಆಯಿಲ್ ನೀರಂಗೇ ಉಳೀತು. "ಪ್ಯೂರ್ ಜೊಜೊಬಾ" ಅಂತ ಕೊಟ್ಟಿದ್ದ ಒಂದು ಸೋವಿ ಬಾಟಲಿಯೂ ಹಾಗೇ ಉಳೀತು. ಲ್ಯಾಬ್ ಪರೀಕ್ಷೆಯಲ್ಲ ಇದು, ಅನುಮಾನ ಪಡೋಕೆ ಸಾಕು. ಇನ್ನೊಂದು ತಮಾಷೆ: ಫಳಫಳ ಹೊಳೆಯೋ ಡಬ್ಬಿಯ ದುಬಾರಿ ಎಣ್ಣೆಯಲ್ಲಿ ಮೊದಲಿದ್ದದ್ದು ಅರಾಕಿಸ್ ಹೈಪೋಜಿಯಾ. ಶೇಂಗಾ ಎಣ್ಣೆ ಕಣ್ರೀ! ಶೇಂಗಾ ಎಣ್ಣೆ ಮಿಲ್ಲುಗಳ ಊರು ಚಳ್ಳಕೆರೆಯನ್ನ ಪಕ್ಕದಲ್ಲಿಟ್ಟುಕೊಂಡು ಅದಕ್ಕೆ ಆ ರೇಟಾ? ಶೇಂಗಾ ಆಗಲ್ಲ ಅನ್ನೋ ಗಿರಾಕಿ ಬಂದ್ರೆ ಮಾತ್ರ ಆ ಹೆಸರನ್ನ ಮರೀಬೇಡಿ.

ಲೇಬಲ್ ಹೇಳದೇ ಉಳಿಯೋದೂ ಇದೆ. ಸೂರ್ಯಕಾಂತಿ, ಕುಸುಬೆ ಎರಡರಲ್ಲೂ ಎರಡು ಜಾತಿ: ಒಂದರಲ್ಲಿ ಲಿನೊಲೆಯಿಕ್ ಅನ್ನೋ ಕೊಬ್ಬಿನಾಮ್ಲ ಜಾಸ್ತಿ, ಇನ್ನೊಂದರಲ್ಲಿ ಓಲೆಯಿಕ್ ಅನ್ನೋದು. ಗುಳ್ಳೆ ಮುಖಕ್ಕೆ ನನಗೆ ಬೇಕಾಗೋದು ಮೊದಲನೇದು, ಆದ್ರೆ ಪಟ್ಟಿಯಲ್ಲಿ ಸೂರ್ಯಕಾಂತಿಯ ಎರಡೂ ಜಾತಿಗೆ ಹೆಲಿಯಾಂಥಸ್ ಆನ್ಯುಅಸ್ ಅಂತಲೇ ಬರ್ದಿರ್ತಾರೆ. ಮಾರೋರ ಹತ್ತಿರ ಟೆಸ್ಟ್ ರಿಪೋರ್ಟ್ ಇರುತ್ತೆ, ಕೇಳಿದ್ರೆ ವಾಟ್ಸಾಪಲ್ಲಿ ಕಳಿಸ್ತಾರೆ. ಕಳಿಸದವರ ಹತ್ತಿರ ನಾನು ತಗೊಳ್ಳಲ್ಲ.