ಬಳ್ಳಾರಿಯ ಬಿಸಿಲಲ್ಲಿ ಹೊಸ ಮೂಗನ್ನು ಸಾಕಿದ ಬಗೆ

ಮೂಗಿನ ಆಕಾರ ತಿದ್ದುವ ಶಸ್ತ್ರಚಿಕಿತ್ಸೆಯನ್ನು ಇಸ್ತಾಂಬುಲ್‌ನಲ್ಲಿ ಮಾಡಿಸಿಕೊಂಡು, ಚೇತರಿಕೆಯ ಬಹುಪಾಲನ್ನು ಬೇಸಿಗೆಯ ಬಳ್ಳಾರಿಯಲ್ಲೇ ಕಳೆಯುತ್ತೇನೆಂದಾಗ, ನನಗಿಂತ ಮೊದಲೇ ಹೊರದೇಶದಲ್ಲಿ ಮಾಡಿಸಿಕೊಂಡಿದ್ದ ಪರಿಚಿತರೆಲ್ಲ ಅದು ಆಗದ ಮಾತೆಂದರು. ಧೂಳು, ಬೆವರು, ಒಣಗಾಳಿ ಮೂರೂ ಇರುವ ಊರಲ್ಲಿ ಮೂಗಿನ ತುದಿಯ ಬಾವು ಇಳಿಯುವುದಿಲ್ಲ, ಬೆಂಗಳೂರಿನಲ್ಲಿ ಎರಡು ತಿಂಗಳು ಮನೆ ಹಿಡಿಯುವುದೇ ಸರಿ ಎಂಬುದು ಅವರ ಒಮ್ಮತದ ಸಲಹೆಯಾಗಿತ್ತು. ಜೀನ್ಸ್ ಹೊಲಿಸುವ ಸಣ್ಣ ಘಟಕವನ್ನು ನಡೆಸುವ ನನಗೆ ಬಾಡಿಗೆ, ಊಟ, ಮುಂಗಡ ಎಲ್ಲ ಸೇರಿ ಎಂಬತ್ತು ಸಾವಿರದ ಆಸುಪಾಸಿನ ಆ ಖರ್ಚಿಗಿಂತ ಘಟಕವನ್ನು ಬಿಟ್ಟಿರುವ ನಷ್ಟವೇ ದೊಡ್ಡದೆನಿಸಿತು. ಈಗ ವರ್ಷ ದಾಟಿದೆ. ಸಲಹೆ ಕೊಟ್ಟವರಲ್ಲಿ ಇಬ್ಬರ ಮೂಗಿನ ತುದಿ ಇನ್ನೂ ದಪ್ಪಗಿದೆ, ನನ್ನದು ಇಳಿದಿದೆ.

ಹಣದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಶಸ್ತ್ರಚಿಕಿತ್ಸೆ, ಹೋಟೆಲ್, ವಿಮಾನ ನಿಲ್ದಾಣದ ವಾಹನ ಸೇರಿದ ಪ್ಯಾಕೇಜಿಗೆ ನಾಲ್ಕು ಸಾವಿರ ಯೂರೊ, ಅಂದರೆ ಆಗಿನ ದರದಲ್ಲಿ ಮೂರೂವರೆ ಲಕ್ಷಕ್ಕೆ ಸ್ವಲ್ಪ ಮೇಲೆ ಆಯಿತು. ಮುಂಬಯಿ ಮೂಲಕ ಹೋಗಿಬರುವ ಟಿಕೆಟ್, ವೀಸಾ, ಕೈಖರ್ಚು ಸೇರಿ ಇನ್ನೊಂದು ಲಕ್ಷ. ಬೆಂಗಳೂರಿನಲ್ಲಿ ಇದಕ್ಕಿಂತ ಅಗ್ಗವಾಗಿ ಆಗುತ್ತಿತ್ತೆಂಬುದು ನಿಜ, ಆದರೆ ದಪ್ಪ ಚರ್ಮ, ಗೂನಿನಂತೆ ಉಬ್ಬಿದ ಮೂಗಿನ ಮೂಳೆ, ಕೆಳಕ್ಕೆ ಬಾಗಿದ ತುದಿ ಇರುವ ನನ್ನಂಥ ಮೂಗುಗಳನ್ನು ದಿನವೂ ನೋಡುವ ಕೈ ನನಗೆ ಬೇಕಾಗಿತ್ತು. ಪ್ಯಾಕೇಜಿನಲ್ಲಿ ಇಲ್ಲದಿದ್ದ ಒಂದು ವಸ್ತುವನ್ನು ಮಾತ್ರ ಪಟ್ಟುಹಿಡಿದು ಪಡೆದೆ: ಇಂಗ್ಲಿಷಿನಲ್ಲಿ ಬರೆದ, ಸಹಿಯಿರುವ ಆಪರೇಷನ್ ನೋಟ್, ಅಂದರೆ ಶಸ್ತ್ರಚಿಕಿತ್ಸೆಯಲ್ಲಿ ಏನೇನು ಮಾಡಿದರೆಂಬ ವಿವರದ ಕಾಗದ. ಮೂಗಿನ ಮೇಲೆ ಕಟ್ಟಿದ ಗಟ್ಟಿ ಅಚ್ಚನ್ನು (ಸ್ಪ್ಲಿಂಟ್) ತೆಗೆದ ಮೇಲೆ ಕಣ್ಣ ಕೆಳಗೆ ಹಳದಿ ಕಲೆಯ ಮುಖ ಹೊತ್ತು ವಲಸೆ ತಪಾಸಣೆಯ ಮುಂದೆ ನಿಂತಾಗಲೂ, ಊರಿನಲ್ಲಿ ವೈದ್ಯರ ಮುಂದೆ ಕುಳಿತಾಗಲೂ ಆ ಕಾಗದ ಕೆಲಸಕ್ಕೆ ಬಂದಿತು.

ಊರಿನ ಮೊದಲ ವೈದ್ಯರು ಕಾಗದವನ್ನು ನೋಡುವ ಮುಂಚೆಯೇ, ಯಾರು ಮಾಡಿದರೋ ಅವರ ಹತ್ತಿರವೇ ಹೋಗಿ ಎಂದು ಕೈ ಆಡಿಸಿದರು. ಎರಡನೆಯವರು, ಕಿವಿ-ಮೂಗು-ಗಂಟಲಿನ ಹಿರಿಯರೊಬ್ಬರು, ಜ್ವರ ಬಂದರೆ, ಒಂದೇ ಬದಿ ಊದಿದರೆ, ರಕ್ತ ನಿಲ್ಲದಿದ್ದರೆ ಯಾವ ಹೊತ್ತಿಗಾದರೂ ಬಾ, ಉಳಿದದ್ದನ್ನು ಆ ದೇಶದವರನ್ನೇ ಕೇಳು ಎಂದರು. ನನಗೆ ಬೇಕಾಗಿದ್ದುದೂ ಅಷ್ಟೇ. ಅವರ ಬಳಿ ತುರ್ತಾಗಿ ಓಡಬೇಕಾದ ಪ್ರಸಂಗ ಬರಲಿಲ್ಲ.

ನಮ್ಮ ಕಡೆ ನಿಜವಾದ ಶತ್ರು ಬಿಸಿಲಲ್ಲ, ಒಣಗಾಳಿ. ಮೊದಲ ರಾತ್ರಿಗಳಲ್ಲಿ ಏಸಿ ಹಾಕಿಕೊಂಡು ಮಲಗಿದೆ. ಬೆಳಿಗ್ಗೆ ಏಳುವ ಹೊತ್ತಿಗೆ ಮೂಗಿನೊಳಗೆ ಹಕ್ಕಳೆ ಗಟ್ಟಿಯಾಗಿ, ಸಲೈನ್ ಎಂಬ ಉಪ್ಪುನೀರಿನ ಸ್ಪ್ರೇ ಹೊಡೆದರೂ ಸಡಿಲವಾಗದೆ, ಎಳೆದಂತಾಗಿ ರಕ್ತದ ಗೆರೆ ಕಾಣಿಸುತ್ತಿತ್ತು. ಐನೂರು ರೂಪಾಯಿಗೆ ಒಂದು ತೇವಾಂಶ ಮಾಪಕ ತರಿಸಿ ನೋಡಿದರೆ, ಮಧ್ಯಾಹ್ನದ ಹೊತ್ತು ತೇವಾಂಶ ಶೇಕಡಾ ಇಪ್ಪತ್ತರ ಆಸುಪಾಸಿಗೆ ಇಳಿಯುತ್ತಿತ್ತು, ಏಸಿ ಉಳಿದ ತೇವವನ್ನೂ ಹೀರುತ್ತಿತ್ತು. ಏಸಿ ಬಂದ್ ಮಾಡಿ, ಅಟ್ಟದ ಮೇಲಿದ್ದ ಹಳೆಯ ಏರ್‌ಕೂಲರನ್ನು ಇಳಿಸಿ, ಹುಲ್ಲಿನ ಪ್ಯಾಡ್ ಹೊಸದು ಹಾಕಿಸಿದೆ. ಕೂಲರನ್ನು ಕಾಲ ಕಡೆಗಿಟ್ಟು, ಗಾಳಿ ಮುಖಕ್ಕೆ ನೇರವಾಗಿ ಬೀಸದಂತೆ ತಿರುಗಿಸಿ, ಎದುರಿನ ಕಿಟಕಿಯನ್ನು ಒಂದು ಗೇಣು ತೆರೆದಾಗ ಮಾಪಕ ಐವತ್ತನ್ನು ದಾಟಿತು. ಹಕ್ಕಳೆ ಮೆತ್ತಗಾಯಿತು, ಬೆರಳು ಹಾಕಬೇಕೆಂಬ ಚಡಪಡಿಕೆಯೂ ತಗ್ಗಿತು. ಕೂಲರ್ ನೀರನ್ನು ದಿನವೂ ಚೆಲ್ಲಿ ತೊಟ್ಟಿಯನ್ನು ಉಜ್ಜದಿದ್ದರೆ ಪಾಚಿಯ ವಾಸನೆ ಬರುತ್ತದೆ, ಆ ಗಾಳಿ ಹಸಿ ಮೂಗಿಗೆ ಒಳ್ಳೆಯದಲ್ಲ. ಮನೆಯಲ್ಲೇ ಉಪ್ಪುನೀರು ಮಾಡಿಕೊಳ್ಳುವವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. ನಲ್ಲಿಯ ನೀರನ್ನು ಮೂಗಿಗೆ ಏರಿಸುವ ಧೈರ್ಯವನ್ನು ಯಾರೂ ಮಾಡಬಾರದು.

ಅದಿರಿನ ಲಾರಿಗಳು ಎಬ್ಬಿಸುವ ಕೆಂಪು ಧೂಳಿಗೆ ಕಿಟಕಿಯಲ್ಲಿ ಒದ್ದೆ ಹತ್ತಿಪಂಚೆಯೊಂದನ್ನು ಇಳಿಬಿಟ್ಟೆ. ಸಂಜೆಗೆ ಅದರ ಕೆಳ ಅಂಚಿನಲ್ಲಿ ಕೆಮ್ಮಣ್ಣಿನ ಗೆರೆ ಬೆರಳಗಲ ಕಟ್ಟಿರುತ್ತಿತ್ತು, ಹಿಂಡಿದರೆ ಬಕೆಟ್ಟಿನ ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಹೊರಗೆ ಹೋಗಲು ಮಾಸ್ಕ್ ಪ್ರಯೋಗಗಳು ಸೋತವು. ಸಾಮಾನ್ಯ ಮಾಸ್ಕ್ ಮೂಗಿನ ಮೇಲೆ ಒತ್ತುತ್ತದೆ, ಕೊರೊನಾ ಕಾಲದ ಪ್ಲಾಸ್ಟಿಕ್ ಶೀಲ್ಡ್‌ಗೆ ಕೆಳಗಿನಿಂದ ಧೂಳು ಬರುತ್ತದೆ. ಘಟಕದಲ್ಲಿ ಹಾರುವ ಹತ್ತಿಯ ನವಿರು ಧೂಳಂತೂ ಸೀನಿಗೆ ಆಹ್ವಾನವಿದ್ದಂತೆ, ಹಾಗಾಗಿ ಒಂದು ತಿಂಗಳು ಕಟಿಂಗ್ ಟೇಬಲ್ಲಿನ ಮೇಲ್ವಿಚಾರಣೆಯನ್ನು ಮೊಬೈಲ್ ಕ್ಯಾಮೆರಾದಲ್ಲೇ ನಡೆಸಿದೆ. ಕನ್ನಡಕವನ್ನು ಹಣೆಗೆ ಟೇಪಿನಿಂದ ತೂಗುಹಾಕಿಕೊಂಡಿದ್ದ ನನ್ನನ್ನು ಪರದೆಯಲ್ಲಿ ಕಂಡು ಹೊಲಿಗೆಯವರು ನಕ್ಕರು. ಕೆಲಸ ನಿಲ್ಲಲಿಲ್ಲ.

ಸೀನಿನ ಇನ್ನೊಂದು ಮೂಲ ಅಡುಗೆಮನೆ. ಅವ್ವ ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದಾಗಲೆಲ್ಲ ಘಾಟು ಕೋಣೆಯವರೆಗೆ ಬರುತ್ತಿತ್ತು. ಬಾಯಿ ತೆರೆದು ಸೀನಬೇಕೆಂಬುದು ಎಲ್ಲರಿಗೂ ಗೊತ್ತಿದ್ದರೂ, ಮೂಳೆ ಕತ್ತರಿಸಿ ಕೂಡಿಸಿದ ಹೊಸದರಲ್ಲಿ ಪ್ರತಿ ಸೀನಿಗೂ ಜೀವ ಹೋಗಿ ಬಂದಂತಾಗುತ್ತದೆ. "ನಿನ್ನ ಮೂಗಿಗೋಸ್ಕರ ಮನಿ ಮಂದೆಲ್ಲ ಸಪ್ಪಗ ತಿನ್ನಬೇಕೇನಪಾ" ಎಂದು ಗೊಣಗಿದರೂ ಅವ್ವ ಒಗ್ಗರಣೆಯನ್ನು ಹಿತ್ತಲಿನ ಒಲೆಗೆ ಸಾಗಿಸಿದಳು. ಖಡಕ್ ರೊಟ್ಟಿ ಮುರಿದು ತಿಂದರೆ ಮೇಲ್ದುಟಿ ಎಳೆದು ಹೊಲಿಗೆ ಜುಮ್ಮೆನ್ನುತ್ತಿದ್ದುದರಿಂದ ಮಜ್ಜಿಗೆ ಕಲಸಿದ ಜೋಳದ ನುಚ್ಚೇ ಗತಿಯಾಯಿತು. ಉಪ್ಪಿನ ಪರಿಣಾಮವನ್ನು ಬೇಕೆಂದೇ ಪರೀಕ್ಷಿಸಿದೆ: ಮಂಡಕ್ಕಿ ಒಗ್ಗರಣೆ, ಮಿರ್ಚಿ, ಉಪ್ಪಿನಕಾಯಿ ತಿಂದ ಮರುದಿನ ತುದಿ ಬಿಗಿದು ಹೊಳೆಯುತ್ತಿತ್ತು, ಬಿಟ್ಟರೆ ಎರಡು ದಿನದಲ್ಲಿ ಇಳಿಯುತ್ತಿತ್ತು.

ಇನ್ನೊಂದು ಪ್ರಯೋಗ ನೀಲಿಗಟ್ಟಿದ ಕಲೆಗೆ ಹಚ್ಚುವ ಆರ್ನಿಕಾ ಎಂಬ ಗಿಡದ ಜೆಲ್ಲಿನದು. ಎಲ್ಲರೂ ಹೊಗಳುವ ಅದನ್ನು ಇಸ್ತಾಂಬುಲ್‌ನ ಹೋಟೆಲಿನಿಂದಲೇ ಎಡಗಣ್ಣಿನ ಕೆಳಗೆ ಮಾತ್ರ ಹಚ್ಚಿ, ಬಲಗಣ್ಣನ್ನು ಹಾಗೇ ಬಿಟ್ಟೆ. ನೀಲಿ ಹಳದಿಯಾದದ್ದೂ ಹಳದಿ ಮಾಯವಾದದ್ದೂ ಎರಡು ಕಡೆಯೂ ಒಟ್ಟಿಗೇ. ಅದಕ್ಕೆ ಕೊಟ್ಟ ಸಾವಿರದ ಚಿಲ್ಲರೆ ಹಣದಲ್ಲಿ ಬಾವು ಇಳಿಯಲೆಂದು ಮೂಗಿಗೆ ಅಂಟಿಸುವ ಟೇಪು ಒಂದು ವರ್ಷಕ್ಕಾಗುವಷ್ಟು ಬರುತ್ತಿತ್ತು. ಸೋದರತ್ತೆ ಸೂಚಿಸಿದ ಅರಿಸಿನದ ಲೇಪವನ್ನು ಪ್ರಯೋಗಿಸುವ ಗೋಜಿಗೇ ಹೋಗಲಿಲ್ಲ.

ಬಾವನ್ನು ಇಳಿಸಿದ್ದು ಟೇಪೇ ಎಂಬುದು ನನ್ನ ನಂಬಿಕೆ. ಬೆವರಿನ ಚರ್ಮಕ್ಕೆ ಮೈಕ್ರೋಪೋರ್ ಎಂಬ ಕಾಗದದಂಥ ಟೇಪು ನಿಲ್ಲುವುದಿಲ್ಲ, ಮಧ್ಯರಾತ್ರಿಗೆ ಅಂಚು ಎದ್ದು ದಿಂಬಿಗೆ ಅಂಟಿರುತ್ತದೆ. ಸ್ಪಿರಿಟ್ ಸ್ವಾಬಿನಿಂದ ಒರೆಸಿದರೆ ಅಂಟುತ್ತದೆ ನಿಜ, ಆದರೆ ನಾಲ್ಕು ದಿನಕ್ಕೆ ಚರ್ಮ ಕೆಂಪಾಗಿ ಸುಲಿಯಿತು. ಮೂವತ್ತು ರೂಪಾಯಿಯ ಅಗ್ಗದ ಟೇಪು ಅಂಟನ್ನು ಮೂಗಿನ ಮೇಲೇ ಬಿಟ್ಟು ಹೋಯಿತು. ಕೊನೆಗೆ ಒಗ್ಗಿದ್ದು ಇದು: ಕೂಲರ್ ಒಂದು ಗಂಟೆ ಓಡಿ ಕೋಣೆ ತಣ್ಣಗಾದ ಮೇಲೆ, ಸಲೈನಿನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಎಣ್ಣೆ ಒರೆಸಿ, ಒಣ ಗಾಜ್ ಬಟ್ಟೆಯಿಂದ ಒತ್ತಿ, ಅರ್ಧ ಸೆಂಟಿಮೀಟರಿನ ಪಟ್ಟಿಗಳನ್ನು ಮೇಲಿನಿಂದ ಕೆಳಕ್ಕೆ ಒಂದರ ಮೇಲೊಂದು ಅರ್ಧ ಬರುವಂತೆ ಹಾಕುವುದು. ದಿನವಿಡೀ ಬಟ್ಟೆ ಕತ್ತರಿಸುವ ನಮ್ಮ ಕೈಗೆ ಪಟ್ಟಿಯ ಅಂಚು ಡೊಂಕಾಗುವುದಿಲ್ಲ. ತುದಿಗೆ ಹಾಕುವ ಕೊನೆಯ ಪಟ್ಟಿಯನ್ನು ಯಾವ ಕೋನದಲ್ಲಿ ಎಳೆಯಬೇಕೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ವೀಡಿಯೊ ಕರೆಯಲ್ಲಿ ನೋಡಿದ ಶಸ್ತ್ರಚಿಕಿತ್ಸಕರು ಯಾರು ಕಲಿಸಿದರೆಂದು ಕೇಳಿದ್ದರು, ಅಷ್ಟು ಸಾಕು. ರಾತ್ರಿ ಮಾತ್ರ ಹೀಗೆ ಕಟ್ಟಿ, ತಲೆಯೆತ್ತರಿಸಿ ಮಲಗಿದ್ದರಿಂದ, ಮೂರನೆಯ ತಿಂಗಳಿಗೆ ತುದಿಯ ಮೇಲಿದ್ದ ಗಡುಸು ಉಬ್ಬು ಮೆತ್ತಗಾಯಿತು. ಇಳಿಯದಿದ್ದರೆ ಸ್ಟೆರಾಯ್ಡ್ ಚುಚ್ಚುಮದ್ದು ಹಾಕೋಣ ಎಂದಿದ್ದ ಅವರೇ ಬೇಡವೆಂದರು.

ತಿದ್ದುಪಡಿ ಶಸ್ತ್ರಚಿಕಿತ್ಸೆಗೆ ಶುಲ್ಕವಿಲ್ಲವೆಂದು ಒಪ್ಪಂದದಲ್ಲಿದ್ದರೂ ವಿಮಾನದ ಖರ್ಚು ನಮ್ಮದೇ. ಅದಕ್ಕಾಗಿ ಒಂದು ಲಕ್ಷವನ್ನು ಬೇರೆಯೇ ಖಾತೆಯಲ್ಲಿ ಇಟ್ಟಿದ್ದೆ, ಹೊರಡುವವರು ಯಾರೇ ಆದರೂ ಇಡಲೇಬೇಕಾದ ಹಣವದು. ವರ್ಷ ತುಂಬಿದ ಮೇಲೆ ಫೋಟೊ ನೋಡಿ ತಿದ್ದುಪಡಿ ಬೇಕಿಲ್ಲವೆಂದು ಶಸ್ತ್ರಚಿಕಿತ್ಸಕರು ತಿಳಿಸಿದ್ದರಿಂದ, ಅದರಲ್ಲಿ ಅರ್ಧದಷ್ಟನ್ನು ತೆಗೆದು ಘಟಕಕ್ಕೆ ಹೊಸ ಓವರ್‌ಲಾಕ್ ಯಂತ್ರ ತಂದಿದ್ದೇನೆ.