ರಿಪ್ಲೈ ಸಜೆಶನ್ ಹದಕ್ಕೆ ಬಂತು: ನನ್ನ ಅನುಭವ

ಮೆಸೇಜ್ ಬಂದಾಗ ಫೋನೇ ಸಿದ್ಧ ಉತ್ತರಗಳ ಬಟನ್ ತೋರಿಸುತ್ತದಲ್ವಾ, ಅದೇ ರಿಪ್ಲೈ ಸಜೆಶನ್ ಅಥವಾ ಸ್ಮಾರ್ಟ್ ರಿಪ್ಲೈ. ಅದನ್ನು ‘ಪೂರ್ತಿ ಆಫ್ ಮಾಡಿ, ಇಲ್ಲಾಂದ್ರೆ ಬಂದ ಹಾಗೆ ಬಿಡಿ. ನಡುವೆ ಇನ್ನೊಂದು ದಾರಿ ಇಲ್ಲ’ ಅಂತ ನಮ್ಮ ಕಸುಬಿನವರೆಲ್ಲ ಹೇಳುತ್ತಿದ್ದರು. ದಾರಿ ಇದೆ. ಹೆಚ್ಚುಕಡಿಮೆ ಒಂದು ವರ್ಷದಿಂದ ನನ್ನ ಫೋನು ಅದರಲ್ಲೇ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ರಿಪೇರಿ ಕೆಲಸ. ದಿನಕ್ಕೆ ಅರವತ್ತೋ ಎಪ್ಪತ್ತೋ ಮೆಸೇಜ್ ಬರುತ್ತವೆ. ಮುಕ್ಕಾಲು ಪಾಲಿಗೆ ಒಂದೇ ಸಾಲಿನ ಉತ್ತರ ಸಾಕು. ಹಾಗಾಗಿ ಸ್ಮಾರ್ಟ್ ರಿಪ್ಲೈ ಬಂದಾಗ ಮೊದಲು ಖುಷಿಪಟ್ಟವನೇ ನಾನು. ಕಾಟ ಶುರುವಾಗಿದ್ದು ನೋಟಿಫಿಕೇಶನ್‌ನಿಂದ. 2019ರಲ್ಲಿ ಆಂಡ್ರಾಯ್ಡ್ 10 ಬಂದ ಮೇಲೆ ಈ ಬಟನ್‌ಗಳು ನೋಟಿಫಿಕೇಶನ್ ಕೆಳಗೂ ಬಂದು ಕೂತವು. ಅಲ್ಲಿ ಬೆರಳು ತಾಗಿದರೆ ಮೆಸೇಜ್ ಸಾಮಾನ್ಯವಾಗಿ ಹೋಗಿಯೇಬಿಡುತ್ತದೆ. ‘ಕಳಿಸಲಾ?’ ಅಂತ ಕೇಳುವುದೂ ಇಲ್ಲ. ಒಬ್ಬ ಗಿರಾಕಿ ‘ಅರ್ಧ ರೇಟಿಗೆ ಮಾಡಿಕೊಡ್ತೀರಾ?’ ಅಂತ ಇಂಗ್ಲಿಷ್‌ನಲ್ಲಿ ಕೇಳಿದ್ದರು. ಜೊತೆಗಿರುವ ಹುಡುಗ ನೋಟಿಫಿಕೇಶನ್ ಸರಿಸಲು ಹೋದ, ‘ಶ್ಯೂರ್’ ಒತ್ತಿಹೋಯಿತು. ಕೊಟ್ಟ ಮಾತು, ಏನು ಮಾಡೋದು? ಅರ್ಧ ರೇಟಿಗೇ ಮಾಡಿಕೊಟ್ಟೆ. ಬಿಡಿಭಾಗದ ಖರ್ಚೂ ಹುಟ್ಟಲಿಲ್ಲ.

ಮೊದಲು ಎಲ್ಲವನ್ನೂ ಆಫ್ ಮಾಡಿ ನೋಡಿದೆ. ಸಂಜೆ ಹೊತ್ತಿಗೆ ಇಪ್ಪತ್ತು ಮೆಸೇಜ್ ಉತ್ತರ ಇಲ್ಲದೆ ಬಿದ್ದಿರುತ್ತಿದ್ದವು. ಕಾದು ಬೇಸತ್ತವರು ಬೇರೆ ಕಡೆ ಹೋದರು. ಆಮೇಲೆ ದುಡ್ಡು ಕೊಟ್ಟು ಒಂದು ಆಟೋ ರಿಪ್ಲೈ ಆಪ್ ಹಾಕಿದೆ. ವರ್ಷದ ಚಂದಾ ಒಟ್ಟಿಗೇ ಕಟ್ಟಿಸಿಕೊಂಡರು. ಮೊದಲ ವಾರ ಚೆನ್ನಾಗಿತ್ತು. ಒಂದು ರಾತ್ರಿ ಇನ್ನೊಬ್ಬರ ಫೋನಿನಲ್ಲೂ ಆಟೋ ರಿಪ್ಲೈ ಆನ್ ಇತ್ತು. ನನ್ನದು ‘ನಾಳೆ ಸಂಪರ್ಕಿಸುತ್ತೇವೆ’ ಅಂದಿತು, ಅವರದ್ದು ‘ಈಗ ಬಿಡುವಿಲ್ಲ’ ಅಂದಿತು, ನನ್ನದು ಮತ್ತೆ ‘ನಾಳೆ’ ಅಂದಿತು. ಬೆಳಗಿನ ತನಕ ಎರಡೂ ಮಾತಾಡಿಕೊಂಡವು. ಒಂದೊಂದು ಎಸ್‌ಎಂಎಸ್‌ಗೂ ಕಾಸು ನನ್ನದೇ. ಚಂದಾ ವಾಪಸ್ ಕೇಳಿದರೆ ಆ ಆಪ್‌ನವರಿಂದ ಬಂದಿದ್ದೂ ಒಂದು ಆಟೋ ರಿಪ್ಲೈ!

ಈಗ ಕೈಹಿಡಿದ ವಿಧಾನ. ಬಟನ್‌ಗಳು ಹುಟ್ಟುವುದು ಮೂರು ಜಾಗದಲ್ಲಿ: ನೋಟಿಫಿಕೇಶನ್, ಮೆಸೇಜ್ ಆಪ್, ಕೀಬೋರ್ಡ್. ಮೂರಕ್ಕೂ ಬೇರೆ ಬೇರೆ ಸ್ವಿಚ್. ಇದನ್ನು ಒಂದೇ ಅಂದುಕೊಂಡವರೇ ‘ಆಫ್ ಮಾಡಿದರೂ ಬರ್ತಿದೆ’ ಅಂತ ಗೊಣಗುವುದು. ನಾನು ನೋಟಿಫಿಕೇಶನ್‌ನದ್ದನ್ನು ಮಾತ್ರ ಪೂರ್ತಿ ಆಫ್ ಮಾಡಿದೆ. ಆಂಡ್ರಾಯ್ಡ್ 12ರಿಂದೀಚೆಗೆ ಅದು ನೋಟಿಫಿಕೇಶನ್ ಸೆಟ್ಟಿಂಗ್ಸ್‌ನಲ್ಲಿ ‘ಎನ್‌ಹಾನ್ಸ್ಡ್ ನೋಟಿಫಿಕೇಶನ್ಸ್’ ಅನ್ನೋ ಹೆಸರಲ್ಲಿದೆ. ಕೆಲವು ಕಂಪನಿಗಳ ಫೋನಿನಲ್ಲಿ ಹೆಸರು ಬೇರೆ ಇರಬಹುದು, ಹುಡುಕಿ. ಆಪ್ ಒಳಗಿನದ್ದನ್ನು ಆನ್ ಇಟ್ಟೆ. ಅಲ್ಲಿ ಹಿಂದಿನ ಮಾತುಕತೆ ಕಣ್ಣೆದುರೇ ಇರುತ್ತದಲ್ವಾ, ಯಾಮಾರುವುದು ಕಡಿಮೆ.

ನಿಜವಾದ ಲಾಭ ಬಂದಿದ್ದು ಕೀಬೋರ್ಡಿನಿಂದ. ಗೂಗಲ್‌ನ ಕೀಬೋರ್ಡ್ ಆಪ್ ಜಿಬೋರ್ಡ್‌ನ ಪರ್ಸನಲ್ ಡಿಕ್ಷನರಿಯಲ್ಲಿ ನನ್ನದೇ ಉತ್ತರಗಳನ್ನು ಶಾರ್ಟ್‌ಕಟ್ ಸಮೇತ ತುಂಬಿದೆ. ಐಫೋನ್‌ನಲ್ಲಾದರೆ ಟೆಕ್ಸ್ಟ್ ರಿಪ್ಲೇಸ್‌ಮೆಂಟ್. ಎರಡು ಅಕ್ಷರ ಒತ್ತಿದರೆ ಇಡೀ ಸಾಲು ಮೇಲಿನ ಪಟ್ಟಿಗೆ ಬರುತ್ತದೆ. ಮುಟ್ಟಿದರೆ ಬಾಕ್ಸಿಗೆ ಇಳಿಯುತ್ತದೆ, ಆದರೆ ಸೆಂಡ್ ಒತ್ತುವ ತನಕ ಹೋಗುವುದಿಲ್ಲ. ನನಗೆ ಬೇಕಿದ್ದದ್ದು ಇಷ್ಟೇ. ಶಾರ್ಟ್‌ಕಟ್‌ಗೆ ಮಾಮೂಲಿ ಪದದಲ್ಲಿ ಬರುವ ಅಕ್ಷರ ಜೋಡಿ ಇಟ್ಟರೆ ಮಾತುಮಾತಿಗೂ ಅಡ್ಡ ಬರುತ್ತದೆ. ನಾನು ಇಟ್ಟ ಜೋಡಿ ಯಾವುದು, ರೇಟ್ ಚೌಕಾಸಿಗೆ ಬರೆದಿಟ್ಟ ಸಾಲು ಯಾವುದು ಅಂತ ಮಾತ್ರ ಹೇಳಲ್ಲ. ಅದರಿಂದಲೇ ನನ್ನ ಅರ್ಧ ರೇಟಿನ ನಷ್ಟ ತುಂಬಿದ್ದು.

ಇಲ್ಲೂ ದುಡ್ಡಿನ ಒಂದು ಹೊಡೆತ ಕಾದಿತ್ತು. ಇಂಗ್ಲಿಷ್ ಅಕ್ಷರದ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಯುತ್ತದೆ, ಕನ್ನಡ ಲಿಪಿಗೆ ಬರೀ 70. ಒತ್ತು, ಕಾಗುಣಿತ ಎಲ್ಲ ಬೇರೆ ಬೇರೆ ಎಣಿಕೆ. 70 ದಾಟಿದರೆ ಮೆಸೇಜ್ ತುಂಡಾಗುತ್ತದೆ, ಆಗ ಒಂದೊಂದು ತುಂಡಿಗೆ 67 ಮಾತ್ರ. ಇಂಗ್ಲಿಷ್ ಮೆಸೇಜಿಗೆ ಒಂದೇ ಒಂದು ಎಮೋಜಿ ಸೇರಿಸಿದರೂ ಇಡೀ ಮೆಸೇಜ್ 70ರ ಲೆಕ್ಕಕ್ಕೆ ಇಳಿಯುತ್ತದೆ. ನಾನು ಚೆಂದಕ್ಕೆ ಅಂತ ‘ನಮಸ್ಕಾರ, ತಮ್ಮ ಸಂದೇಶ ತಲುಪಿದೆ’ ಅಂತ ಶುರುಮಾಡಿ ಕೊನೆಗೆ ಕೈಮುಗಿಯುವ ಎಮೋಜಿ ಬೇರೆ ಇಟ್ಟಿದ್ದೆ. ಒಂದೊಂದು ಉತ್ತರವೂ ಮೂರು ತುಂಡು. ಎಲ್ಲ ಕತ್ತರಿಸಿ 70ರೊಳಗೆ ತಂದ ಮೇಲೆ ಎಸ್‌ಎಂಎಸ್ ಖರ್ಚು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಿತು. ಇಂಟರ್ನೆಟ್ ಮೂಲಕ ಹೋಗುವ ಆರ್‌ಸಿಎಸ್ ಚಾಟ್‌ನಲ್ಲಿ ಈ 70ರ ಗೋಳಿಲ್ಲ.

ಸುಮ್ನೆ ಕುತೂಹಲಕ್ಕೆ ಇನ್ನೊಂದು ಆಟ ಆಡಿದೆ. ಆಪ್ ಮಾಡುವವರಿಗೆ ಗೂಗಲ್ ಕೊಡುವ ‘ಎಂಎಲ್ ಕಿಟ್’ ಅನ್ನೋ ಸಾಧನದ ಸ್ಮಾರ್ಟ್ ರಿಪ್ಲೈ ಇಂಗ್ಲಿಷ್ ಮಾತುಕತೆಗೆ ಮಾತ್ರ. ಕೊನೆಯ ಹತ್ತು ಮೆಸೇಜ್ ತನಕ ನೋಡಿ, ಜಾಸ್ತಿ ಅಂದರೆ ಮೂರು ಉತ್ತರ ಕೊಡುತ್ತದೆ. ನನ್ನ ಫೋನಿನ ಆಪ್ ಕೂಡ ಕನ್ನಡ ಲಿಪಿ ಕಂಡರೆ ತೆಪ್ಪಗೆ ಕೂರುತ್ತದೆ. ಹಾಗಾಗಿ ಬಟನ್ ಬೇಡ ಅನ್ನಿಸಿದ ಗಿರಾಕಿಗಳ ಜೊತೆ ಬೇಕಂತಲೇ ಕನ್ನಡದಲ್ಲಿ ಬರೆಯಲು ಶುರುಮಾಡಿದೆ. ಅವರೂ ಕನ್ನಡಕ್ಕೆ ತಿರುಗಿದರು, ಬಟನ್ ಮಾಯ! ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಮಾತ್ರ ಒಮ್ಮೊಮ್ಮೆ ತಲೆಬುಡ ಇಲ್ಲದ ಉತ್ತರ ಬರುತ್ತದೆ. ಅದಕ್ಕೇನು ನಗೋದು, 2015ರಲ್ಲಿ ಗೂಗಲ್‌ನವರು ತಮ್ಮ ಮೇಲ್ ಆಪ್‌ಗೆ ಸ್ಮಾರ್ಟ್ ರಿಪ್ಲೈ ತಯಾರಿಸುವಾಗ ಮೊದಲ ಮಾದರಿ ಯಾವ ಮೇಲ್ ಬಂದರೂ ‘ಐ ಲವ್ ಯೂ’ ಅನ್ನುತ್ತಿತ್ತಂತೆ. ಅವರೇ ಬರೆದುಕೊಂಡಿದ್ದಾರೆ.

ಕಾಲ್ ಕಟ್ ಮಾಡುವಾಗ ಬರುವ ಸಿದ್ಧ ಮೆಸೇಜ್‌ಗಳನ್ನೂ ಬದಲಿಸಬಹುದು. ಫೋನ್ ಆಪ್‌ನಲ್ಲಿ ‘ಕ್ವಿಕ್ ರೆಸ್ಪಾನ್ಸಸ್’ ಇದೆ. ‘ಆಮೇಲೆ ಮಾಡ್ತೀನಿ’ ತೆಗೆದು ‘ಏನು ಕೆಟ್ಟಿದೆ ಅಂತ ಮೆಸೇಜ್ ಮಾಡಿ’ ಅಂತ ಹಾಕಿದೆ. ಕರೆಗಳು ಅರ್ಧಕ್ಕರ್ಧ ಕಡಿಮೆಯಾದವು.

ಆಗಲ್ಲ ಅಂದವರಲ್ಲಿ ಇಬ್ಬರು ಈಗ ತಮ್ಮ ಫೋನ್ ತಂದು ನನ್ನ ಕೈಗೇ ಕೊಡುತ್ತಾರೆ. ಸ್ವಿಚ್ ಸರಿಮಾಡಿ ಕೊಡುತ್ತೇನೆ, ಸಾಲುಗಳನ್ನು ಅವರೇ ಬರೆದುಕೊಳ್ಳಬೇಕು. ದೊಡ್ಡ ಅಪ್‌ಡೇಟ್ ಆದ ಮೇಲೆ ಆ ನೋಟಿಫಿಕೇಶನ್ ಸ್ವಿಚ್ಚನ್ನು ಒಮ್ಮೆ ನೋಡಿಕೊಳ್ಳಿ. ನನ್ನ ಫೋನಿನಲ್ಲಿ ಅದು ಒಂದು ಸಲ ತಾನಾಗೇ ಆನ್ ಆಗಿತ್ತು.